ಹಳೇ ಶಕ್ತಿಮಾನ್ ಲಾರಿ ರೆಡಿ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ರಾಣೆಬೆನ್ನೂರು ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಮಿಲಿಟರಿ ಹರಾಜಿನಲ್ಲಿ ಹೋದ ಒಂದು ಶಕ್ತಿಮಾನ್ ಲಾರಿ ತಗೊಂಡಿದ್ದರು. ಕಲಘಟಗಿ ಕಡೆ ಕಟ್ಟಿಗೆ ಹೊಡೆಯುತ್ತಿತ್ತು. ಈಗ ನಮ್ಮ ಹೊಲದಲ್ಲಿ ನಿಂತಿದೆ. ಎರೆ ಭೂಮಿ, ಹಿಂದಿನ ಗಾಲಿ ಅರ್ಧ ಹೂತಿವೆ. ಎಂಜಿನ್ ಜಾಮ್. ಗುಜರಿಯವರು ಬಂದು ಬಂದು ರೇಟ್ ಕೇಳುತ್ತಾರೆ, ನನಗೆ ಕೊಡೋ ಮನಸ್ಸಿಲ್ಲ. ಮೊದಲಿನ ಹಾಗೆ ಮಿಲಿಟರಿ ಹಸಿರು ಬಣ್ಣ ಹೊಡೆದು ರಸ್ತೆಗೆ ಇಳಿಸಬೇಕು. ಎಂಜಿನ್ ಮೊದಲಾ, ಬಾಡಿ ಮೊದಲಾ?

ಮಾಜಿ ಇಎಂಇ, ಗದಗ

ತಮ್ಮಾ, ಗುಜರಿಗೆ ಕೊಡಲ್ಲ ಅಂದೆಯಲ್ಲ, ಓದಿ ಭಾಳ ಖುಷಿ ಆಯ್ತು. ಸೇನೆಯ ಗಾಡಿ ರಿಪೇರಿ ಮಾಡುವ ಇಎಂಇ ದಳದಲ್ಲಿದ್ದೆ, ನನ್ನ ಅರ್ಧ ಸರ್ವಿಸ್ ಆ ಗಾಡಿಯ ಕೆಳಗೇ ಕಳೆದಿದೆ. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸ್ ಮೇಲೆ 1959ರಿಂದ ಜಬಲ್‌ಪುರದಲ್ಲಿ ತಯಾರಾದ ಗಾಡಿ. 1996ಕ್ಕೆ ನಿಂತಿತು, ಅದರ ಜಾಗಕ್ಕೆ ಸ್ಟಾಲಿಯನ್ ಲಾರಿ ಬಂತು. ಹಾಗಾಗಿ ಹೊಸ ಸಾಮಾನು ಸುಲಭಕ್ಕೆ ಸಿಗಲ್ಲ.

ಎಂಜಿನ್ನೂ ಅಲ್ಲ, ಬಾಡಿನೂ ಅಲ್ಲ. ಮೊದಲು ಕಾಗದ. ಹರಾಜಿನ ಪತ್ರ, ಆರ್‌ಸಿ ಹುಡುಕಿ ಚಾಸಿ ನಂಬರ್ ತಾಳೆ ಮಾಡು. 2021ರಲ್ಲಿ ಬಂದ ವಿಂಟೇಜ್ ನಿಯಮದ ‘ವಿಎ’ ನಂಬರ್ 50 ವರ್ಷ ದಾಟಿದ ಬೈಕು, ಕಾರಿಗೆ. ಲಾರಿಗೆ ಅದು ಸಿಗಲ್ಲ. ಇನ್ನೊಂದು, ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ಗಾಡಿಗೆ ಮಾತ್ರ. ನಿನ್ನ ಆಸೆ ನನಗೆ ಅರ್ಥ ಆಗುತ್ತದೆ, ಆದರೆ ರಸ್ತೆಗೆ ಬರಬೇಕಂದ್ರೆ ಬೇರೆ ಬಣ್ಣ ನೋಡು.

ಬಂಪರ್ ಮೇಲಿನ ಬಣ್ಣವನ್ನು ನೀರು ಹಾಕಿ ಸಣ್ಣ ಎಮೆರಿ ಪೇಪರ್‌ನಿಂದ ನಿಧಾನಕ್ಕೆ ಉಜ್ಜು. ಅದೃಷ್ಟ ಇದ್ದರೆ ಮೇಲ್ಮುಖ ಬಾಣದ ಹಳೇ ನಂಬರ್ ಕಾಣುತ್ತದೆ. ಬಾಣದ ಪಕ್ಕದ ಎರಡು ಅಂಕಿಯೇ ಸೇನೆ ಗಾಡಿ ಪಡೆದ ವರ್ಷ. ಫೋಟೋ ತೆಗೆದಿಟ್ಟುಕೋ.

ಈಗ ಮುಖ್ಯ ಮಾತು. ಗಾಲಿಗೆ ನೀನು ಕೈ ಹಚ್ಚಬೇಡ. ಹಳೇ ಲಾರಿ ರಿಮ್‌ನಲ್ಲಿ ಟೈರನ್ನು ಹಿಡಿದಿಡೋದು ಒಂದು ಲಾಕ್ ರಿಂಗ್. ಅದು ಕೂರುವ ಕಚ್ಚಿನಲ್ಲಿ ತುಕ್ಕು ಹಿಡಿದಿದ್ದರೆ ಗಾಳಿ ತುಂಬುವಾಗ ಸಿಡಿಯುತ್ತದೆ. ಎದುರಿಗೆ ಇದ್ದವನು ಉಳಿಯೋದು ಕಷ್ಟ. ನಟ್ ಮುಟ್ಟುವ ಮೊದಲೇ ವಾಲ್ವ್ ಪಿನ್ ಬಿಚ್ಚಿ ಪೂರ್ತಿ ಗಾಳಿ ಹೊರಗೆ ಬಿಡಿಸು. ರಿಂಗ್ ಬಿಚ್ಚಿದ ಮೇಲೆ ತಂತಿ ಬ್ರಶ್‌ನಿಂದ ಆ ಜಾಗ ಬೆಳ್ಳಗೆ ಹೊಳೆಯುವ ತನಕ ತಿಕ್ಕಬೇಕು. ರಿಂಗ್ ಸೊಟ್ಟಗಾಗಿದ್ದರೆ ಬಡಿದು ನೇರ ಮಾಡೋದು ಬೇಡವೇ ಬೇಡ, ಬೇರೆ ಹಾಕಿಸು. ಗಾಳಿ ತುಂಬೋದು ಕಬ್ಬಿಣದ ಪಂಜರದೊಳಗೆ, ಉದ್ದ ಪೈಪ್ ಹಚ್ಚಿ, ದೂರ ನಿಂತು. ಪಂಜರ ಇಲ್ಲದ ಅಂಗಡಿಗೆ ಗಾಲಿ ಒಯ್ಯಲೇಬೇಡ.

ಗೋಕುಲ ರೋಡ್ ಲೇಥ್

ಸರ್ ಹೇಳಿದ್ದು ಖರೆ. ಎಂಜಿನ್ ಬಗ್ಗೆ ನಾನು ಹೇಳುತ್ತೇನೆ. ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿ, ಸೀಮೆಎಣ್ಣೆ ಮತ್ತು ಎಂಜಿನ್ ಆಯಿಲ್ ಕಲಸಿ ಸಿಲಿಂಡರ್‌ಗೆ ಹಾಕಿ ನೆನೆಯಲು ಬಿಡಿ. ಆಮೇಲೆ ರಾಡ್ ಹಚ್ಚಿ ಎಂಜಿನ್ ಅನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಟ್ರ್ಯಾಕ್ಟರ್‌ಗೆ ಕಟ್ಟಿ ಗೇರ್‌ನಲ್ಲಿ ಎಳೆಸಬೇಡಿ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮ್ಯಾನ್ ಎಂಜಿನ್ನೇ ಇದ್ದರೆ ಪಿಸ್ಟನ್ ತಲೆಯಲ್ಲಿ ದುಂಡನೆ ಗುಂಡಿ ಇರುತ್ತದೆ. ಡೀಸೆಲ್ ಅದರ ಗೋಡೆಗೇ ಬೀಳಬೇಕು. ಅಳತೆ ಸರಿ ಇದೆ ಅಂತ ಬೇರೆ ಪಿಸ್ಟನ್ ಕೂರಿಸಿದರೆ ಬರೀ ಹೊಗೆ. ಬುಷ್, ಪಿನ್ ಏನಿದ್ದರೂ ಸ್ಯಾಂಪಲ್ ತಂದರೆ ಹುಬ್ಬಳ್ಳಿಯಲ್ಲಿ ತಿರುವಿ ಕೊಡೋರು ಇದ್ದೇವೆ.

ರಾಣೆಬೆನ್ನೂರು ಹುಡುಗ

ಥ್ಯಾಂಕ್ಸ್ ರೀ ಇಬ್ಬರಿಗೂ. ಕಾಗದ ಅಮ್ಮನ ಟ್ರಂಕ್‌ನಲ್ಲಿ ಇರಬಹುದು, ಹುಡುಕುತ್ತೇನೆ. ಕಾಕಾ, ಹೊಲದಿಂದ ಹೊರಗೆ ಎಳೆಯೋದು ಹೇಗೆ?

ಮಾಜಿ ಇಎಂಇ, ಗದಗ

ಬೇಸಿಗೆ ತನಕ ಕಾಯಿ. ಹಸಿ ಎರೆಯಲ್ಲಿ ಎಳೆದರೆ ಇನ್ನೂ ಕೆಳಗೆ ಹೋಗುತ್ತದೆ. ನೆಲ ಒಣಗಿದ ಮೇಲೆ ಗಾಲಿ ಸುತ್ತ ಅಗೆದು, ಜಾಕ್ ಕೆಳಗೆ ದಪ್ಪ ಹಲಗೆ ಕೊಟ್ಟು ಎತ್ತು. ಬ್ರೇಕ್ ಡ್ರಮ್ ಹಿಡಿದಿರುತ್ತವೆ, ಅಡ್ಜಸ್ಟ್‌ಮೆಂಟ್ ಸಡಿಲ ಮಾಡು. ಫೋರ್ ವೀಲ್ ಡ್ರೈವ್ ಗಾಡಿ ಅದು, ಗಾಲಿಗಳಿಗೆ ಎಂಜಿನ್ ಶಕ್ತಿ ಒಯ್ಯುವ ಮುಂದಿನ ಹಿಂದಿನ ಎರಡೂ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಯೇ ಎಳೆಸು. ಹೊರಡೋ ದಿನ ಇಲ್ಲಿ ತಿಳಿಸು, ಗದಗಿನಿಂದ ನಾನೂ ಬರುತ್ತೇನೆ.