‘ಪವರ್ ಜಾಸ್ತಿ’ ಅಂದರೆ ಯಾವುದು ಜಾಸ್ತಿ?

ಎಲ್ಲರಿಗೂ ನಮಸ್ಕಾರ. ಮದ್ದುಗಳ ಪಾಠದಲ್ಲಿ ಬರುವ ಪೊಟೆನ್ಸಿ, ಎಫಿಕಸಿ ಎಂಬ ಜೋಡಿಗೆ ಕನ್ನಡ ಹುಡುಕುತ್ತಿದ್ದೇನೆ. ಜೊತೆಗೆ ಇನ್ನೆರಡು ಅನುಮಾನಗಳೂ ಇವೆ.

ವೈದ್ಯರ ಲೈಸೆನ್ಸ್ ಪರೀಕ್ಷೆಗೆ ನಾನು, ನನ್ನ ಗೆಳತಿ ಒಟ್ಟಿಗೆ ಓದುತ್ತಿದ್ದೇವೆ. ಪುಸ್ತಕ ಇಂಗ್ಲಿಷಿನಲ್ಲಿ, ಜಗಳ ಕನ್ನಡದಲ್ಲಿ. ಓದಿದ್ದನ್ನು ಒಬ್ಬರಿಗೊಬ್ಬರು ಕನ್ನಡದಲ್ಲಿ ಹೇಳಬೇಕು, ತಡವರಿಸಿದರೆ ಮತ್ತೆ ಓದಬೇಕು ಅಂತ ನಮ್ಮ ಒಪ್ಪಂದ. ಈ ಜೋಡಿ ಬಂದಾಗ ಇಬ್ಬರೂ ತಡವರಿಸಿದೆವು.

ಎಷ್ಟು ಕಡಿಮೆ ಡೋಸ್ ಸಾಕಾಗುತ್ತದೆ ಅನ್ನುವುದು ಪೊಟೆನ್ಸಿ. ಡೋಸ್ ಎಷ್ಟೇ ಏರಿಸಿದರೂ ಕೊನೆಗೆ ಎಷ್ಟು ಪರಿಣಾಮ ಸಿಗುತ್ತದೆ ಅನ್ನುವುದು ಎಫಿಕಸಿ. ನಮ್ಮ ಮಾತಿನಲ್ಲಿ ಎರಡೂ ‘ಪವರ್’. ನನ್ನ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ‘ಬ್ಯುಮೆಟನೈಡ್: ಪವರ್ ಜಾಸ್ತಿ’ ಅಂತ ಬರೆದುಕೊಂಡಿದ್ದೆ. ಮೂತ್ರ ಹೆಚ್ಚಿಸುವ ಈ ಮಾತ್ರೆಯ 1 ಮಿಲಿಗ್ರಾಂ, ಅದೇ ಬಗೆಯ ಫ್ಯೂರೊಸೆಮೈಡಿನ 40 ಮಿಲಿಗ್ರಾಂಗೆ ಹೆಚ್ಚುಕಡಿಮೆ ಸಮ. ಆ ಲೆಕ್ಕದಲ್ಲಿ ಜಾಸ್ತಿಯೇ. ಆಮೇಲೊಂದು ದಿನ ಅಣಕು ಪರೀಕ್ಷೆಯಲ್ಲಿ ಇವುಗಳ ಗರಿಷ್ಠ ಪರಿಣಾಮದ ಬಗ್ಗೆ ಪ್ರಶ್ನೆ ಬಂತು. ಕಾರ್ಡ್ ನೆನಪಾಯಿತು, ಬ್ಯುಮೆಟನೈಡಿಗೆ ಗುರುತು ಹಾಕಿದೆ. ತಪ್ಪು. ಎರಡೂ ಹೋಗಿ ನಿಲ್ಲುವುದು ಒಂದೇ ಮಟ್ಟದಲ್ಲಿ.

ನೋವು ತಗ್ಗಿಸುವ ಬ್ಯುಪ್ರೆನಾರ್ಫಿನ್ ಇನ್ನೂ ಕೆಟ್ಟದಾಗಿ ಕಾಡಿತು. ಮಾರ್ಫಿನ್‌ಗಿಂತ ತೀರಾ ಕಡಿಮೆ ಡೋಸಿನಲ್ಲಿ ಕೆಲಸ ಮಾಡುತ್ತದೆ, ಆದರೆ ಓಪಿಯಾಯ್ಡ್ ರಿಸೆಪ್ಟರನ್ನು (ಕೋಶದಲ್ಲಿ ಮಾರ್ಫಿನ್ ಜಾತಿಯ ಮದ್ದು ಹೋಗಿ ಕೂರುವ ಜಾಗ) ಅರ್ಧಂಬರ್ಧ ಮಾತ್ರ ಚುರುಕುಗೊಳಿಸುತ್ತದೆ. ಉಸಿರಾಟವನ್ನು ತಗ್ಗಿಸುವ ಅಪಾಯ ಒಂದು ಮಟ್ಟದ ಮೇಲೆ ಅಷ್ಟಾಗಿ ಏರದಿರುವುದು ಇದರಿಂದಲೇ. ಈಗ ಹೇಳಿ, ಇದರ ಪವರ್ ಜಾಸ್ತಿಯೋ ಕಡಿಮೆಯೋ?

ನಿಘಂಟು ತೆರೆದರೆ ಶಕ್ತಿ, ಸಾಮರ್ಥ್ಯ, ಬಲ. ಎರಡು ಕಡೆಯೂ ಅವೇ. ಎಫಿಕಸಿಗೆ ‘ಪರಿಣಾಮಕಾರಿತ್ವ’ ಅನ್ನುತ್ತಾರೆ. ಅರ್ಥ ಸರಿ, ಆದರೆ ಅವಸರದಲ್ಲಿ ಹೇಳಲು ನಾಲಿಗೆ ಹೊರಳುವುದಿಲ್ಲ. ಪೊಟೆನ್ಸಿಗೆ ಆಯುರ್ವೇದದ ‘ವೀರ್ಯ’ ಹತ್ತಿರ ಅನಿಸಿತು. ಆದರೆ ಅಲ್ಲಿ ಉಷ್ಣವೀರ್ಯ, ಶೀತವೀರ್ಯ ಅನ್ನುವಾಗ ಮಾತು ಮದ್ದಿನ ಗುಣದ ಬಗ್ಗೆ, ಡೋಸಿನ ಲೆಕ್ಕ ಅದರಲ್ಲಿಲ್ಲ. ಅದೂ ಅಲ್ಲದೆ ‘ಬ್ಯುಪ್ರೆನಾರ್ಫಿನ್‌ಗೆ ವೀರ್ಯ ಜಾಸ್ತಿ’ ಅಂತ ನಾನು ಗಟ್ಟಿಯಾಗಿ ಓದಿದ ಮೇಲೆ ಅರ್ಧ ಗಂಟೆ ಓದು ಮುಂದೆ ಹೋಗಲಿಲ್ಲ.

ಸದ್ಯ ನಾನು ಬಳಸುತ್ತಿರುವುದು ಪೊಟೆನ್ಸಿಗೆ ‘ಮೊನಚು’, ಎಫಿಕಸಿಗೆ ‘ಎಟುಕು’. ಮೊನಚಾದ ಸೂಜಿಗೆ ಸ್ವಲ್ಪ ಒತ್ತಿದರೆ ಸಾಕು, ಅಲ್ವಾ? ಎಟುಕು ಅಂದರೆ ಕೈ ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದು. ಡೋಸ್ ಮತ್ತು ಪರಿಣಾಮದ ಗೆರೆ ಎಳೆದರೆ ಈ ಪದಗಳು ಚೆನ್ನಾಗಿ ಕೂರುತ್ತವೆ. ಮಾರ್ಫಿನ್ ಜೊತೆ, ಅದೇ ರಿಸೆಪ್ಟರಿಗೆ ಪೈಪೋಟಿ ನಡೆಸುವ ನಲಾಕ್ಸೋನ್ ಕೊಟ್ಟರೆ ಗೆರೆ ಬಲಕ್ಕೆ ಸರಿಯುತ್ತದೆ. ಮಾರ್ಫಿನ್ ಜಾಸ್ತಿ ಹಾಕಿದರೆ ಮತ್ತೆ ಅದೇ ಎತ್ತರ ಸಿಗುತ್ತದೆ. ಅಂದರೆ ಮೊನಚು ಮೊಂಡಾಯಿತು, ಎಟುಕು ಹಾಗೇ ಉಳಿಯಿತು. ಫಿನಾಕ್ಸಿಬೆಂಜಮೀನ್ ಹಾಗಲ್ಲ. ಅದು ರಕ್ತನಾಳ ಬಿಗಿಸುವ ನಾರ್‌ಅಡ್ರಿನಲಿನ್ ಕೂರುವ ರಿಸೆಪ್ಟರಿಗೇ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ. ಆಮೇಲೆ ನಾರ್‌ಅಡ್ರಿನಲಿನ್ ಎಷ್ಟು ಸುರಿದರೂ ಗೆರೆ ಮೊದಲಿನ ಎತ್ತರಕ್ಕೆ ಏರುವುದಿಲ್ಲ. ಎಟುಕೇ ಕುಗ್ಗಿತು. ಇಷ್ಟನ್ನು ಹೀಗೆ ಹೇಳಿಕೊಂಡ ಮೇಲೆ ನನಗೆ ಆ ಪ್ರಶ್ನೆ ಮತ್ತೆ ತಪ್ಪಿಲ್ಲ. ಗೆಳತಿಗೆ ಮಾತ್ರ ‘ಎಟುಕು’ ಹಿಡಿಸಿಲ್ಲ. ಅವಳ ಕಿವಿಗೆ ಅದು ಬರೀ ಕ್ರಿಯಾಪದ. ‘ಕೈಗೆ ಎಟುಕುತ್ತದೆ ಅನ್ನಬಹುದು, ಮದ್ದಿನ ಎಟುಕು ಅಂದರೇನೇ?’ ಅನ್ನುತ್ತಾಳೆ. ನಿಮ್ಮ ಕಡೆಯ ಮಾತಿನಲ್ಲಿ ಅದು ನಾಮಪದವಾಗಿ ಬಳಕೆಯಲ್ಲಿದೆಯೇ?

ಎರಡನೆಯದು ‘ಒಗ್ಗು’. ಟಾಲರೆನ್ಸ್‌ಗೆ ‘ಸಹಿಷ್ಣುತೆ’ ಅಂತ ಬರೆಯುವವರಿದ್ದಾರೆ. ಅದು ನೆರೆಹೊರೆಯವರ ಜೊತೆ ಹೊಂದಿಕೊಂಡು ಬಾಳುವ ಮಾತಿನಂತೆ ಕೇಳುತ್ತದೆ. ‘ದೇಹ ಮದ್ದಿಗೆ ಒಗ್ಗಿಹೋಗಿದೆ’ ಅಂದರೆ ಯಾರಿಗೂ ತಿಳಿಯುತ್ತದೆ. ಮಾರ್ಫಿನ್ ಬಗ್ಗೆ ಪರೀಕ್ಷೆಯವರಿಗೆ ಪ್ರೀತಿಯ ಪ್ರಶ್ನೆಯೊಂದಿದೆ. ನೋವು ತಗ್ಗಿಸುವ ಪರಿಣಾಮಕ್ಕೆ ದೇಹ ಒಗ್ಗುತ್ತದೆ, ಮಲಬದ್ಧತೆಗೂ ಕಣ್ಣಿನ ಪಾಪೆ ಕಿರಿದಾಗುವುದಕ್ಕೂ ಅಷ್ಟಾಗಿ ಒಗ್ಗುವುದಿಲ್ಲ. ಕನ್ನಡದಲ್ಲಿ ಎಷ್ಟು ಸಲೀಸಾಗಿ ಬಂತು ನೋಡಿ. ಆದರೆ ‘ಆ ಮಾತ್ರೆ ನನಗೆ ಒಗ್ಗಲಿಲ್ಲ’ ಅಂದರೆ ಮೈಗೆ ಆಗಿಬರಲಿಲ್ಲ ಅಂತ ಅರ್ಥ. ಅದು ಇನ್‌ಟಾಲರೆನ್ಸ್. ‘ಒಗ್ಗಿಹೋಯಿತು’ ಮತ್ತು ‘ಒಗ್ಗಲಿಲ್ಲ’ ನೋಡಲು ಎದುರುಬದುರು, ಅರ್ಥದಲ್ಲಿ ಬೇರೆಯೇ ದಾರಿ. ತಮಾಷೆ ಅಂದರೆ ಇಂಗ್ಲಿಷಿನ ಜೋಡಿಯಲ್ಲೂ ಇದೇ ಎಡವಟ್ಟಿದೆ. ಹಾಗಾಗಿ ‘ಒಗ್ಗು’ ಬಿಡಲು ನನಗೆ ಮನಸ್ಸಿಲ್ಲ. ಆಗಿಬರದಿದ್ದಾಗ ‘ಆಗಿಬರಲಿಲ್ಲ’ ಅಂತಲೇ ಅಂದರೆ ಸಾಕಲ್ಲವೇ?

ಪೆಥಾಲಜಿಗೆ (ರೋಗಶಾಸ್ತ್ರಕ್ಕೆ) ಬಂದರೆ ಇನ್‌ಫ್ಲಮೇಶನ್‌ಗೆ ‘ಉರಿಯೂತ’ ಎಂಬ ಪದ ಮಾಡಿದವರಿಗೆ ಕೈಮುಗಿಯಬೇಕು. ವೈದ್ಯಗ್ರಂಥ ಬರೆದ ರೋಮಿನ ಸೆಲ್ಸಸ್ ಒಂದನೇ ಶತಮಾನದಲ್ಲಿ ಕೆಂಪು, ಊತ, ಬಿಸಿ, ನೋವು ಅಂತ ನಾಲ್ಕು ಲಕ್ಷಣ ಹೇಳಿದ. ನಮ್ಮ ಒಂದೇ ಪದದಲ್ಲಿ ಊತ ಇದೆ, ಉರಿಯಲ್ಲಿ ಬಿಸಿಯೂ ನೋವೂ ಇವೆ. ಬೆಂಕಿಯ ಉರಿ ಅಂದುಕೊಂಡರೆ ಕೆಂಪೂ ಬಂತು. ಅದೇ ಪುಟದಲ್ಲಿ ಟಿಶ್ಯೂಗೆ ‘ಊತಕ’ ಅಂತ ಹಾಕಿದಾಗ ಮಾತ್ರ ತಲೆ ಕೆಡುತ್ತದೆ. ‘ಅಂಗಾಂಶ’ ಅನ್ನಿ, ಬದುಕಿಸಿ.

ಕೊನೆಯ ಅನುಮಾನ ಸಾವಿನದು. ಕೋಶ ಸಾಯುವ ಮುಖ್ಯ ಬಗೆಗಳು ಎರಡು. ನೆಕ್ರೋಸಿಸ್‌ನಲ್ಲಿ ಕೋಶ ಉಬ್ಬಿ ಒಡೆಯುತ್ತದೆ, ಒಳಗಿನದು ಹೊರಚೆಲ್ಲಿ ಸುತ್ತ ಉರಿಯೂತ ಏಳುತ್ತದೆ. ಅಪೊಪ್ಟೋಸಿಸ್‌ನಲ್ಲಿ ಕೋಶ ತಾನೇ ಮುದುಡಿ ಚೂರುಚೂರಾಗುತ್ತದೆ. ಚೂರುಗಳನ್ನು ಅಕ್ಕಪಕ್ಕದ ಕೋಶಗಳು ನುಂಗಿಬಿಡುತ್ತವೆ, ಗದ್ದಲವಿಲ್ಲ. ನೆಕ್ರೋಸಿಸ್‌ಗೆ ‘ಕೊಳೆಯುವಿಕೆ’ ಅಂತ ಬರೆದಿದ್ದೆ, ಗೆಳತಿ ಹೊಡೆದು ಹಾಕಿದಳು. ಹೃದಯಾಘಾತದಲ್ಲಿ ಸತ್ತ ಸ್ನಾಯು ಕೆಲವು ದಿನ ತನ್ನ ಆಕಾರ ಉಳಿಸಿಕೊಂಡಿರುತ್ತದೆ, ಅದರಲ್ಲಿ ಕೊಳೆತದ್ದು ಏನಿದೆ ಅಂದಳು. ಸರಿಯೇ. ಈಗ ಸುಮ್ನೆ ‘ಒಡೆಸಾವು’ ಅನ್ನುತ್ತಿದ್ದೇವೆ.

ಅಪೊಪ್ಟೋಸಿಸ್ ಎಂಬ ಹೆಸರನ್ನು 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ಬಳಕೆಗೆ ತಂದರು. ಪದ ಸೂಚಿಸಿದ್ದು ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ ಗ್ರೀಕ್ ಭಾಷೆಯ ಪ್ರಾಧ್ಯಾಪಕರಾಗಿದ್ದವರೊಬ್ಬರು. ಗ್ರೀಕಿನಲ್ಲಿ ಮರದಿಂದ ಎಲೆ, ಹೂವಿನಿಂದ ಎಸಳು ಉದುರುವುದಕ್ಕೆ ಈ ಮಾತು. ನಮಗೂ ‘ಉದುರು’ ಸಿದ್ಧವಾಗಿಯೇ ಇದೆ, ‘ಉದುರುಸಾವು’ ಅನ್ನೋಣ ಅಂದೆ. ಒಂದೇ ಕಡೆ ಮನಸ್ಸು ತಡೆಯುತ್ತಿದೆ. ನಮಗೆ ಉದುರುವುದು ಹಣ್ಣೆಲೆ. ವಯಸ್ಸಾಗಿದೆ, ಬಿತ್ತು. ಆದರೆ ಗರ್ಭದಲ್ಲಿ ಬೆರಳುಗಳ ನಡುವಿನ ಪೊರೆ ಮಾಯವಾಗುವುದೂ ಅಪೊಪ್ಟೋಸಿಸ್‌ನಿಂದಲೇ. ಅಲ್ಲಿ ಹಣ್ಣಾದದ್ದು ಏನೂ ಇಲ್ಲ, ಎಲ್ಲ ಎಳೆಯದೇ. ‘ಕಳಚು’ ಅನ್ನೋಣ ಅಂದರೆ ಯಾರೋ ಬಿಚ್ಚಿ ತೆಗೆದ ಹಾಗೂ ಕೇಳುತ್ತದೆ. ಎಳೆಯದು ತಾನಾಗಿ, ಸದ್ದಿಲ್ಲದೆ ಬೀಳುವುದಕ್ಕೆ ನಿಮ್ಮಲ್ಲಿ ಬೇರೆ ಪದ ಇದ್ದರೆ ಹೇಳಿ. ಆ ಕಾರ್ಡ್ ಇನ್ನೂ ಖಾಲಿ ಬಿಟ್ಟಿದ್ದೇನೆ.