ಸಿಂಗಾಪುರದಲ್ಲಿ ತಮಿಳು: ಅಧಿಕೃತ ಸ್ಥಾನವಿದ್ದರೂ ಮನೆಯಲ್ಲಿ ಏಕೆ ಕುಗ್ಗುತ್ತಿದೆ?

ಪ್ರಶ್ನೆ: ತಮಿಳು ಸಿಂಗಾಪುರದ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು, ಸಂಸತ್ತಿನಲ್ಲಿಯೂ ಅದರಲ್ಲಿ ಮಾತನಾಡಬಹುದು. ಆದರೂ 2020ರ ಜನಗಣತಿಯ ಪ್ರಕಾರ, ಮನೆಯಲ್ಲಿ ಹೆಚ್ಚಾಗಿ ತಮಿಳನ್ನೇ ಆಡುವವರು ನಿವಾಸಿಗಳಲ್ಲಿ ಶೇ. 2.5ರಷ್ಟು ಮಾತ್ರ. ಇದಕ್ಕೆ ಕಾರಣವೇನು?

ಉತ್ತರ 1: ಶಿಕ್ಷಣ ಮಾಧ್ಯಮವೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. 1987ರಿಂದ ಎಲ್ಲ ಶಾಲೆಗಳಲ್ಲಿಯೂ ಇಂಗ್ಲಿಷ್ ಪ್ರಥಮ ಭಾಷೆಯಾಗಿದ್ದು, ತಮಿಳು ಒಂದು ವಿಷಯವಾಗಿ ಉಳಿದಿದೆ. ಗಣಿತ, ವಿಜ್ಞಾನ, ಮುಂದೆ ಉದ್ಯೋಗ ಎಲ್ಲವೂ ಇಂಗ್ಲಿಷಿನಲ್ಲಿಯೇ ನಡೆಯುವಾಗ, ಆ ಶಾಲೆಗಳಲ್ಲಿಯೇ ಓದಿ ಬೆಳೆದ ಪೋಷಕರು ಮಕ್ಕಳೊಂದಿಗೂ ಅದೇ ಭಾಷೆಯನ್ನು ಆಡುವುದು ಸಹಜ.

ಉತ್ತರ 2: ಒಪ್ಪುತ್ತೇನೆ, ಆದರೆ ಇನ್ನೊಂದು ಅಂಶವೂ ಇದೆ. ಪಠ್ಯದ ಗ್ರಾಂಥಿಕ ತಮಿಳಿಗೂ ಮನೆಯ ಮಾತಿಗೂ ಇರುವ ಅಂತರ ಬಹಳ ದೊಡ್ಡದು. ಗ್ರಾಂಥಿಕ ರೂಪವನ್ನಷ್ಟೇ ಕಲಿತ ಮಗು ಅದನ್ನು ಅಂಗಳದಲ್ಲಿ ಬಳಸಲಾರದು. 2005ರ ಪಠ್ಯಕ್ರಮ ಪರಿಶೀಲನೆಯ ನಂತರ ಆಡುಮಾತಿಗೆ ತರಗತಿಯಲ್ಲಿ ಒತ್ತು ದೊರೆತದ್ದು ಸರಿಯಾದ ಹೆಜ್ಜೆಯೇ, ತಡವಾಯಿತಷ್ಟೆ.

ಉತ್ತರ 3: ನೆರೆಯ ಮಲೇಷ್ಯಾದಲ್ಲಿ ಐನೂರಕ್ಕೂ ಹೆಚ್ಚು ತಮಿಳು ಮಾಧ್ಯಮದ ಪ್ರಾಥಮಿಕ ಶಾಲೆಗಳಿವೆ. ಅವುಗಳಲ್ಲಿ ಹಲವು ರಬ್ಬರ್ ತೋಟಗಳ ಕಾರ್ಮಿಕರ ಮಕ್ಕಳಿಗಾಗಿ ಹುಟ್ಟಿದವು. ಅಲ್ಲಿ ಭಾಷೆ ಹೆಚ್ಚು ಗಟ್ಟಿಯಾಗಿ ನಿಂತಿರುವುದಕ್ಕೆ ಇದೇ ಆಧಾರ. ಪ್ರೌಢಶಾಲೆಯಲ್ಲಿ ಮಾತ್ರ ಮಲಯ ಮಾಧ್ಯಮಕ್ಕೆ ಬದಲಾಗಬೇಕಾಗುತ್ತದೆ.