ಸೈಲೆನ್ಸರ್ ಇರೋದು ರಾಯಚೂರಲ್ಲಿ

"ಹೊಗೆ ಎಲ್ಲಿದೆ ತೋರಿಸಿ, ಬೈಟು ಅಲ್ಲ, ಒಬ್ಬೊಬ್ಬರಿಗೂ ಫುಲ್ ಕಾಫಿ ಕೊಡಿಸ್ತೀನಿ" ಅಂತ ಪ್ರಮೋದ ಹೊಸ ಇ-ಸ್ಕೂಟರಿನ ಬೆನ್ನು ತಟ್ಟಿದ. ಹಸಿರು ಎಲೆ ಬರೆದ 'ಝೀರೋ ಪೊಲ್ಯೂಷನ್' ಸ್ಟಿಕ್ಕರು ಗಾಂಧಿ ಬಜಾರಿನ ಬಿಸಿಲಿಗೆ ಫಳಫಳ ಅಂತಿತ್ತು.

"ಇಲ್ಲಿ ಹುಡುಕಿದ್ರೆ ಎಲ್ಲಿ ಸಿಗುತ್ತೆ ಮಾರಾಯ? ನಿನ್ನ ಗಾಡಿ ಸೈಲೆನ್ಸರ್ ಇರೋದು ರಾಯಚೂರು ಶಕ್ತಿನಗರದಲ್ಲಿ, ಕಲ್ಲಿದ್ದಲಿಂದ ಕರೆಂಟ್ ಮಾಡೋ ಸ್ಥಾವರದಲ್ಲಿ" ಅಂದ ಸುಬ್ಬಣ್ಣ. "ನಾನೂರು ಕಿಲೋಮೀಟರ್ ಉದ್ದ. ಯಾವ ಬುಲೆಟ್ಟಿಗೂ ಈ ಭಾಗ್ಯ ಇಲ್ಲ."

"ಫುಲ್ ಚಾರ್ಜಿಗೆ ಮೂರೇ ಯೂನಿಟ್ ರೀ!"

"ಬ್ಯಾಟರಿಗೆ ಸೇರೋದು ಮೂರು. ಚಾರ್ಜರ್ ಬಿಸಿಯಾಗಿ ಒಂದಿಷ್ಟು ತಿನ್ನುತ್ತೆ, ತಂತಿ, ಟ್ರಾನ್ಸ್‌ಫಾರ್ಮರ್ ಒಂದಿಷ್ಟು, ಸ್ಥಾವರದ ಪಂಪು ಫ್ಯಾನು ಇನ್ನೊಂದಿಷ್ಟು. ಅಲ್ಲಿ ಹತ್ತಿರ ಹತ್ತಿರ ನಾಲ್ಕು ಹುಟ್ಟಬೇಕು. ಯೂನಿಟ್ಟಿಗೆ ಆರುನೂರೈವತ್ತು, ಏಳುನೂರು ಗ್ರಾಂ ಕಲ್ಲಿದ್ದಲು. ನಮ್ಮ ದೇಶದ ಇದ್ದಲಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬೂದಿಯೇ. ನೀನು ಒಂದು ಸಲ ಪ್ಲಗ್ ಹಾಕಿದ್ರೆ ಒಂದು ಕೆಜಿ ಬೂದಿ. ಹಾಲಿನ ಪ್ಯಾಕೆಟ್ ಜತೆ ಬಾಗಿಲಿಗೆ ತಂದಿಡೋ ಪದ್ಧತಿ ಇದ್ದಿದ್ರೆ..."

"ಪಾತ್ರೆ ತಿಕ್ಕೋಕಾಗ್ತಿತ್ತು" ಅಂದರು ಪದ್ಮಕ್ಕ.

"ಮಳೆಗಾಲದಲ್ಲಿ ಇನ್ನೂ ಚೆಂದ. ಒದ್ದೆ ಇದ್ದಲು ಅದನ್ನ ತುಂಬಿಡೋ ಬಂಕರಿನ ಬಾಯಲ್ಲಿ ಮೆತ್ತಿಕೊಂಡು ಕೆಳಗಿಳಿಯಲ್ಲ. ಬಾಯ್ಲರ್ ಬೆಂಕಿ ಆರದ ಹಾಗೆ ಎಣ್ಣೆ ಬಿಡಬೇಕಾಗುತ್ತೆ. ಆಗ ನಿನ್ನ ಗಾಡಿ ಎಣ್ಣೇಲೂ ಓಡುತ್ತೆ!"

ಮೂರ್ತಿಗಳಿಗೆ ದೇಶದ ಪ್ರಗತಿಯ ಮೇಲೆ ಯಾರಾದರೂ ಬೂದಿ ಎರಚಿದರೆ ಸಹಿಸೋಕಾಗಲ್ಲ. "ಬೂದಿಗೂ ಬೆಲೆ ಇದೆ ರೀ. ಪಿಪಿಸಿ ಅನ್ನೋ ಬಗೆಯ ಸಿಮೆಂಟಿಗೆ 15ರಿಂದ 35 ಪರ್ಸೆಂಟ್ ಹಾರುಬೂದಿ ಬೆರೆಸ್ತಾರೆ. ಕಲ್ಲಿದ್ದಲು ಸಿಗೋ ರಾಜ್ಯಕ್ಕೆ ಬೆಲೆ ಮೇಲೆ 14 ಪರ್ಸೆಂಟ್ ರಾಯಧನ, ಅಂದ್ರೆ ರಾಯಲ್ಟಿ, ರೈಲ್ವೆಗೆ ಬಾಡಿಗೆ, ಕೋಲ್ ಇಂಡಿಯಾ ಒಂದರಲ್ಲೇ ಎರಡು ಲಕ್ಷಕ್ಕೂ ಮಿಕ್ಕಿ ನೌಕರರು. ಸುಮ್ನೆ ಅಲ್ಲ!"

"ಸುಮ್ನೆ ಅಲ್ಲ ಸ್ವಾಮಿ. ಆದ್ರೆ ನಮ್ಮ ರಾಜ್ಯದಲ್ಲಿ ಒಂದು ಚೂರು ಕಲ್ಲಿದ್ದಲಿಲ್ಲ. ತೆಲಂಗಾಣದ ಸಿಂಗರೇಣಿ, ಮಹಾರಾಷ್ಟ್ರದ ಚಂದ್ರಾಪುರ, ಒಡಿಶಾ, ಅಲ್ಲಿಂದ ಬರಬೇಕು. ರಾಯಚೂರಿನ ಎಂಟೂ ಘಟಕ, 1,720 ಮೆಗಾವ್ಯಾಟ್, ಪೂರ್ತಿ ಓಡಿದ್ರೆ ದಿನಕ್ಕೆ ಏಳೆಂಟು ರೇಕ್ ಬೇಕು. ಒಂದು ರೇಕ್ ಅಂದ್ರೆ ಒಂದು ಪೂರ್ತಿ ಗೂಡ್ಸ್ ರೈಲು, ನಾಲ್ಕು ಸಾವಿರ ಟನ್ ಹತ್ತಿರ. ಸೈಲೆನ್ಸರ್ ರಾಯಚೂರಿಗೇ ಮುಗಿಯಲ್ಲ, ಇನ್ನೊಂದು ತುದಿ ಅಲ್ಲಿದೆ."

ಆ ತುದಿಯಲ್ಲಿ ಆಗೋದನ್ನ ಸುಬ್ಬಣ್ಣ ಬೆರಳು ಮಡಿಸಿ ಹೇಳಿದ. ತೆರೆದ ಗಣಿಯಾದರೆ ಮೊದಲು ಮರ ಹೋಗುತ್ತೆ. ಮೇಲ್ಮಣ್ಣು ಕೆರೆದು ಬೇರೆ ರಾಶಿ. ಆಮೇಲೆ ಬಂಡೆಗೆ ತೂತು ಕೊರೆದು, ಸಿಡಿಸಿ, ಯಂತ್ರದ ಸಲಿಕೆಯಿಂದ ಡಂಪರ್ ಲಾರಿಗೆ. ಒಂದು ಟನ್ ಇದ್ದಲಿಗೆ ಹಲವು ಟನ್ ಕಲ್ಲುಮಣ್ಣು ಎತ್ತಬೇಕು. ಗುಂಡಿ ನೀರಿನ ಮಟ್ಟ ದಾಟಿದ ಮೇಲೆ ಹಗಲೂ ರಾತ್ರಿ ಪಂಪು. ಸುತ್ತಲಿನ ಬಾವಿ ಬತ್ತುತ್ತೆ. ಗುಂಡಿ ತುಂಬಿ ಮೇಲೆ ಮೇಲ್ಮಣ್ಣು ಹಾಸಬೇಕು ಅನ್ನೋದು ನಿಯಮ. ಆದರೆ ಅದನ್ನ ವರ್ಷಗಟ್ಟಲೆ ಎತ್ತರಕ್ಕೆ ಗುಡ್ಡೆ ಹಾಕಿಟ್ಟರೆ ಒಳಗಿನ ಜೀವಾಣು ಸತ್ತು ಗಿಡ ಹತ್ತಲ್ಲ. ಅರ್ಧ ತೆಗೆದು ಬಿಟ್ಟ ಇದ್ದಲಿನ ಪದರಕ್ಕೆ ಗಾಳಿ ಆಡಿದರೆ ತಾನಾಗೇ ಹೊತ್ತಿಕೊಳ್ಳುತ್ತೆ. ಜಾರ್ಖಂಡಿನ ಝರಿಯಾ ಗಣಿ ಪ್ರದೇಶದ ನೆಲದೊಳಗೆ ಬೆಂಕಿ ಕಂಡಿದ್ದು 1916ರಲ್ಲಿ, ಇನ್ನೂ ಆರಿಲ್ಲ.

"ಹಂಗಾದ್ರೆ ವಾಪಸ್ ಪೆಟ್ರೋಲ್ ಗಾಡಿ ತಗೊಳ್ಲಾ?" ಪ್ರಮೋದನ ಮುಖ ಸಪ್ಪಗಾಯಿತು.

"ಯಾರು ಹೇಳಿದ್ದು? ನೂರು ಕಿಲೋಮೀಟರಿಗೆ ಪೆಟ್ರೋಲ್ ಸ್ಕೂಟರು ಎರಡು ಲೀಟರ್ ಚಿಲ್ಲರೆ ಕುಡಿದು ಐದು ಕೆಜಿ ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ನಿಂದು ಬರೀ ಕಲ್ಲಿದ್ದಲಲ್ಲೇ ಓಡಿದ್ರೂ ನಾಲ್ಕರ ಆಸುಪಾಸು. ಗಾಡಿ ಒಳ್ಳೇದು, ಸ್ಟಿಕ್ಕರ್ ಮಾತ್ರ ಸುಳ್ಳು. ರಾತ್ರಿ ಹತ್ತಕ್ಕೆ ಪ್ಲಗ್ ಹಾಕ್ತೀಯಲ್ಲ, ಆಗ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಮಲಗಿರುತ್ತೆ. ಮಧ್ಯಾಹ್ನ ಆಫೀಸಲ್ಲಿ ಹಾಕು. ಸೈಲೆನ್ಸರ್ ಪಾವಗಡದವರೆಗೆ ಗಿಡ್ಡ ಆಗುತ್ತೆ."

"ಆಫೀಸಲ್ಲಿ ಎರಡೇ ಪಾಯಿಂಟ್. ಎರಡರಲ್ಲೂ ಮ್ಯಾನೇಜರ್ ಕಾರು."

"ಅದಕ್ಕೆ ಪರಿಸರ ಇಲಾಖೆ ಏನೂ ಮಾಡೋಕಾಗಲ್ಲ."

ಮೂರ್ತಿಗಳು ಬಿಡಲಿಲ್ಲ. "ಗಣಿ ಊರಿನವರನ್ನೇ ಕೇಳಿ. ಮುಚ್ಚಿ ಅಂತಾರಾ?"

"ಅನ್ನಲ್ಲ. ಮನೆ ನಡೆಯೋದೇ ಅದರ ಸಂಬಳದಲ್ಲಿ." ಸುಬ್ಬಣ್ಣನ ದನಿ ಸ್ವಲ್ಪ ಇಳಿಯಿತು. "ಮುಚ್ಚಿದ ಮೇಲೆ ಏನಾಗುತ್ತೆ ಅನ್ನೋಕೆ ಕೆಜಿಎಫ್ ಇದೆಯಲ್ಲ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋಗಿದ್ದು ಅಲ್ಲಿನ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬರೋಕೆ 1905 ಆಯ್ತು. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ತೆಗೆದು ಉಳಿದ ಸಯನೈಡ್ ಮಣ್ಣಿನ ಗುಡ್ಡೆ ಅಲ್ಲೇ ಉಳೀತು, ಜನ ಬೆಳಗಾಗೋಕೆ ಮುಂಚೆ ಮಾರಿಕುಪ್ಪಂ ರೈಲು ಹತ್ತಿ ಕೆಲಸಕ್ಕೆ ಇಲ್ಲಿಗೆ ಬರ್ತಾರೆ."

"ಪಾಪ, ನಿಂತ್ಕೊಂಡೇ ಬರ್ತಾರೆ" ಅಂದರು ಪದ್ಮಕ್ಕ.

"ಅದಕ್ಕೇ 2015ರಲ್ಲಿ ಜಿಲ್ಲಾ ಖನಿಜ ನಿಧಿ ತಂದಿದ್ದು. ಹಳೇ ಗಣಿ ಗುತ್ತಿಗೆಯಾದ್ರೆ ರಾಯಧನದ 30 ಪರ್ಸೆಂಟಿನಷ್ಟು ದುಡ್ಡು ಆ ಜಿಲ್ಲೆಗೇ" ಅಂತ ಮೂರ್ತಿಗಳು ಮೇಜು ಕುಟ್ಟಿದರು.

"ಒಳ್ಳೇದೇ. ಗಣಿ ಬರಿದಾದ ವರ್ಷ ರಾಯಧನ ಸೊನ್ನೆ. ಅದರಲ್ಲಿ 30 ಪರ್ಸೆಂಟ್ ಎಷ್ಟಾಗುತ್ತೆ?"

ಮೂರ್ತಿಗಳು ಮೊಬೈಲಲ್ಲಿ ಕ್ಯಾಲ್ಕ್ಯುಲೇಟರ್ ತೆರೆದರು.